ಒಳಮಡಿಕೆ

ಗಲ್‌ಪೇಟೆಯ ಬಾಡಿಗೆ ಮನೆಯ ತಾರಸಿ ಮೇಲೆ
ಭಾನುವಾರ, ಬಿಸಿಲು ಇಳಿದ ಹೊತ್ತಿನಲ್ಲಿ
ಇಂಚುಟೇಪು ಹಿಡಿದು ಕೂತೆ.
ಲಿಮರಿಕ್ಕಿನ ಮನೆಯೊಂದು ಮೊಬೈಲಿನಲ್ಲಿತ್ತು,
ಅದನ್ನು ಕೋಲಾರಕ್ಕೆ ಇಳಿಸಬೇಕಿತ್ತು
ಅಳತೆಗೆ ಅಳತೆ,
ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಲ್ಲಿ.

ಮುನಿರತ್ನ ಓದುತ್ತಾಳೆ: ಮೂರು ಮೀಟರು, ಎರಡೂವರೆ.
ಮೀಟರು ನನಗೆ ಬಟ್ಟೆಯಲ್ಲಿ ಮಾತ್ರ ಗೊತ್ತು.
ಎರಡೂವರೆ ಅಂದರೆ ಒಬ್ಬರ ಚೂಡಿದಾರು.
ಅದರಲ್ಲಿ ಇಬ್ಬರು ಮಕ್ಕಳು ಮಲಗಬೇಕಂತೆ.

"ಮಲಗ್ರೋ" ಅಂದೆ.
ಹಂಸಿಕ ಮಲಗಿದಳು. ಲೋಹಿತ ಅಡ್ಡ ಬಿದ್ದ,
ಅವನ ಕಾಲು ಗೋಡೆ ದಾಟಿ
ಯಾರದೋ ಹಾಲಿಗೆ ಹೋಯಿತು.
"ಮಡಚ್ಕೊ" ಅಂದಳು ಅಕ್ಕ.
"ಎಷ್ಟು ವರ್ಷ?" ಅಂದ ಅವನು.

ಇಡೀ ಮನೆ ಹಿಡಿಸಲೂ ಇಲ್ಲ. ಬಚ್ಚಲು
ನೀರಿನ ಟ್ಯಾಂಕಿನ ಅಡಿಗೆ ಸರಿಯಿತು.
ಓನರು ಗೌರಮ್ಮ ಹುರುಳಿ ಹರವಲು ಬಂದವರು
ಅಡುಗೆಮನೆ ನಡುವೆ ನಿಂತು
"ಇದೇನಪ್ಪ, ಕುಂಟೆಬಿಲ್ಲೆನಾ?" ಅಂದರು.

ಇನ್ನೊಂದು ಮನೆ ದೊಡ್ಡದು. ಹಿಂದೆ ಹುಲ್ಲು,
ಬಟ್ಟೆ ಒಣಹಾಕಲು ಹಗ್ಗ ಕೂಡ ಇದೆ.
ಸ್ಕೂಲು ಮಾತ್ರ ಎರಡು ಬಸ್ಸಿನಾಚೆ,
ರತ್ನಾಳ ನೈಟ್ ಡ್ಯೂಟಿ ಮುಗಿಯುವ ಮುಂಚೆ ಮೊದಲ ಬಸ್ಸು.
ನಾನೇ ಕರಕೊಂಡು ಹೋಗಬೇಕು,
ಬಸ್ಸಿನವನಿಗೆ ಏನನ್ನಬೇಕೋ ಕಲಿತುಕೊಂಡು.

ಸ್ಕೂಲಿನವರು ಮನೆ ವಿಳಾಸ ಕೊಡಿ ಅನ್ನುತ್ತಾರೆ.
ಮನೆಯವರು ಮೊದಲು ಬನ್ನಿ, ಮುಖ ನೋಡೋಣ ಅನ್ನುತ್ತಾರೆ.
ಬಂದು ಎಲ್ಲಿ ಇಳಿಯುತ್ತೀರಿ ಎಂದು
ಕೇಳಲು ಇನ್ನೊಂದು ಆಫೀಸು.
ದಾರ ಸಿಕ್ಕರೆ ಸೂಜಿ ಇಲ್ಲ, ಸೂಜಿ ಸಿಕ್ಕರೆ ಕರೆಂಟಿಲ್ಲ.

ಫಾರಮ್ಮಿನಲ್ಲಿ ಒಂದು ಚೌಕ:
ಮನೆಯಲ್ಲಿ ಆಡುವ ಭಾಷೆ.
ಮಗ್ಗಿ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ,
ಅಂಗಡಿಯಲ್ಲಿ ಕಟಿಂಗ್ ಮಾಸ್ತರು ಬಾಬಾಜಾನರ ಜೊತೆ ಉರ್ದು,
ಟಮಕದ ವಾರ್ಡಿನ ಸಿಸ್ಟರುಗಳಿಂದ
ರತ್ನಾ ಹೊತ್ತು ತಂದ ನಾಲ್ಕು ಮಲಯಾಳಿ ಮಾತು.
ಹಂಸಿಕ 'ಕನ್ನಡ' ಎಂದು ಬರೆದು
ಚೌಕದ ಹೊರಗೆ ಒಂದು ಚುಕ್ಕಿ ಇಟ್ಟಳು,
ಉಳಿದದ್ದಕ್ಕೆ.

ರಾತ್ರಿ ಇಬ್ಬರೂ ಸ್ಕೂಲುಗಳ ಫೋಟೊ ನೋಡಿದೆವು.
ಫಲಿತಾಂಶ, ಶೇಕಡಾ, ನಕ್ಷತ್ರ ಅವಳು ಓದಿದಳು.
ನನಗೆ ಆ ಓದು ಬರದು.
ಇಪ್ಪತ್ತೆರಡು ವರ್ಷ ಯೂನಿಫಾರಂ ಹೊಲಿದವನು ನಾನು,
ಮೇ ತಿಂಗಳಲ್ಲಿ ನಿದ್ದೆ ಕಂಡವನಲ್ಲ.
ಬರುವ ತಾಯಂದಿರೆಲ್ಲ ಒಂದೇ ಮಾತು:
"ಅಣ್ಣಾ, ಒಳಗೆ ಎರಡಿಂಚು ಬಿಡಿ, ಬೆಳೆಯೋ ಮಗು."
ಮುಂದಿನ ವರ್ಷ ಬಿಚ್ಚಿ ಇಳಿಸಿದಾಗ
ಹಳೇ ಮಡಿಕೆಯ ಗೆರೆ ಹಾಗೇ ನಿಲ್ಲುತ್ತದೆ.
ಯಾವ ಇಸ್ತ್ರಿಗೂ ಅದು ಹೋಗುವುದಿಲ್ಲ.

ದೊಡ್ಡ ಮನೆಯ ಕಡೆ ಸ್ಕೂಲಿನಲ್ಲಿ
ಮೂರು ಸಾಲು ಮಕ್ಕಳು, ಹಿಂದೆ ಕೊಳ, ಬಾತು.
ಒಂದು ಲಂಗಕ್ಕೂ ಗೆರೆ ಇಲ್ಲ.
ಎಲ್ಲ ಈ ವರ್ಷದ್ದು, ಈ ವರ್ಷಕ್ಕೆ ಸರಿಯಾದದ್ದು.

ಇನ್ನೊಂದರಲ್ಲಿ, ಸಣ್ಣ ಮನೆಯ ಹತ್ತಿರದ್ದು,
ಮುಂದಿನ ಸಾಲಿನ ಅಂಚಿಗೆ ಒಬ್ಬಳು ಕಣ್ಣು ಮುಚ್ಚಿಬಿಟ್ಟಿದ್ದಾಳೆ.
ಬೆರಳಿಂದ ಫೋಟೊ ದೊಡ್ಡದು ಮಾಡಿದೆ.
ಲಂಗದ ಅಂಚಿಗೆ ಎರಡು ಬೆರಳು ಮೇಲೆ ಗಾಢ ನೀಲಿ ಗೆರೆ.
ಪಕ್ಕದ ಹುಡುಗನ ತೋಳಿಗೂ.
"ಇದು" ಅಂದೆ.
ರತ್ನಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿದಳು.
ಹೊಲಿಗೆ ಅವಳಿಗೂ ಗೊತ್ತು, ಚರ್ಮದ ಮೇಲಿನದು.
ಬಹಳ ಹೊತ್ತು ನೋಡಿ
"ಲೋಹಿತನಿಗೆ ಹೇಳಿಬಿಡಿ" ಅಂದಳು, "ಕಾಲು ಮಡಚ್ಕೊಳ್ಳೋಕೆ."

ಅಲ್ಲಿ ಯೂನಿಫಾರಂ ಅಂಗಡಿಯಲ್ಲೇ ಕೊಳ್ಳಬೇಕಂತೆ,
ಹೊಲಿಸುವ ಪದ್ಧತಿ ಇಲ್ಲವಂತೆ.
ಇರಲಿ.
ನಾನಿನ್ನೂ ಆ ಲಂಗವನ್ನೇ ನೋಡುತ್ತಿದ್ದೇನೆ.
ಯಾರೋ ಅದನ್ನು ಬಿಚ್ಚಿ, ಇಳಿಸಿ, ಮತ್ತೆ ಹೊಲಿದಿದ್ದಾರೆ,
ಆ ಊರಿನಲ್ಲಿ, ಯಾವುದೋ ದೀಪದ ಕೆಳಗೆ.
ಮಿಷನ್ನಿನದಲ್ಲ, ಕೈಹೊಲಿಗೆ.
ಸ್ವಲ್ಪ ಸೊಟ್ಟ.