ಐದು ಬಾತಿನ ಹೊಳಿ

ಗುರುವಾರದ ಟೆಂಡರು ಮುಗಿಸಿ, ಕೀರ್ದಿ ಬರದಿಟ್ಟು,
ಕೆಮ್ಮಿಕೋತ ಬ್ಯಾಡಗಿಯಿಂದ ರಾತ್ರಿ ಬಸ್ಸು ಹತ್ತಿದೆ.
ಸೋಮವಾರ ಮತ್ತ ತಕ್ಕಡಿ ಮುಂದ ಇರಬೇಕು,
ಸಾವಕಾರ್ರು ಕೊಟ್ಟ ಸೂಟಿ ಅಷ್ಟ.
ಈ ನಡುವ ಎಷ್ಟು ಬ್ಯಾಂಕಾಕು ಹಿಡಿಸ್ತದೋ
ಅಷ್ಟು ನೋಡಿ ಬಂದೇನಿ.

ಭಿಶಿ ಎತ್ತಿದ ರೊಕ್ಕ, ಅಗ್ಗಿದ್ದಾಗ ತಗೊಂಡ ಟಿಕೀಟು.
ಕೈಚೀಲ ಏಳು ಕಿಲೋ, ಮ್ಯಾಲೊಂದು ಗ್ರಾಂ ಬ್ಯಾಡಂದ್ರು.
ನನಗ ತೂಕ ಕಲಿಸ್ತಾರ!
ಮೂವತ್ತು ವರ್ಷ ಚೀಲದ ತೂಕ ಕಳದು
ನಿವ್ವಳ ಬರದ ದಿವಾನಜಿ ನಾನು.
ರೊಟ್ಟಿ ಹದಿನಾರು, ಶೇಂಗಾ ಹಿಂಡಿ, ಒಂದು ಲುಂಗಿ, ಎರಡಂಗಿ,
ಚೀಲ ಹಿಡದು ಆರು ಕಿಲೋ ಒಂಬೈನೂರು.

ಬಾತ್ ಅಂದ್ರ ಅಲ್ಲಿ ರೊಕ್ಕ.
ತಲಿ ಒಪ್ಪಿತು, ಹೊಟ್ಟಿ ಒಪ್ಪಲಿಲ್ಲ.

ರಾತ್ರಿ ಎಂಟು ಮಂದಿಗೆ ಒಂದ ಖೋಲಿ, ಕಪಾಟಿನಂಥ ಹಾಸಗಿ.
ಮ್ಯಾಲಿನಾಂವ ಯಾವ ದೇಶದಾಂವೋ,
ಗೊರಕಿ ಮಾತ್ರ ನಮ್ಮ ಕಡೇದು.

ಮುಗಿಲು ಮುಟ್ಟೋ ಕಟ್ಟಡದ ತುದಿಗೆ ಹತ್ತಿ ಊರು ನೋಡಾಕ
ಕೇಳಿದ ರೊಕ್ಕದಾಗ ನನ್ನ ಮನಿ ಮೂರು ತಿಂಗಳ ಲೈಟ್ ಬಿಲ್ಲು.
ಕೆಳಗ ನಿಂತು ಕತ್ತೆತ್ತಿ ನೋಡಿದೆ.
ಕಟ್ಟಡಕ್ಕೇನೂ ಕಡಿಮಿ ಆಗಲಿಲ್ಲ.
ಬಂಗಾರದ ಗೋಪುರಕ್ಕೂ ಟಿಕೀಟಿತ್ತು.
ಅದರ ಗ್ವಾಡಿ ಹೊರಗ ನೆರಳಿತ್ತು, ಅದಕ್ಕಿರಲಿಲ್ಲ.

ಸುಮ್ಮ ಹೊಳಿ ದಂಡಿಗೆ ಹೋದೆ.
ಈ ದಂಡಿಯಿಂದ ಆ ದಂಡಿಗೆ ದೋಣಿ, ಐದು ಬಾತು.
ದಾಟಿದೆ.
ಆಚೀಕಡೆ ಕೆಲಸೇನೂ ಇರಲಿಲ್ಲ. ಮತ್ತ ದಾಟಿದೆ.
ನಮ್ಮೂರಿಗೆ ಹೊಳಿಯಿಲ್ಲ,
ಇಷ್ಟು ಅಗ್ಗದಾಗ ಇಷ್ಟು ನೀರು ಎಲ್ಲಿ ಸಿಗತೈತಿ?
ಹಗ್ಗ ಹಿಡದ ಹುಡುಗ ಸೀಟಿ ಹೊಡದ್ರ ಸಾಕು,
ದೋಣಿ ಬಂದು ದಂಡಿಗೆ ಕರುವಿನಂಗ ಹಣಿ ತಿಕ್ಕತಿತ್ತು.
ಶಾಲಿ ಹುಡುಗ್ಯಾರು, ಕಾವಿ ಸ್ವಾಮಿ, ಐಸಿನ ಗಡ್ಡಿ ಹೊತ್ತಾಂವ,
ಎಲ್ಲಾರೂ ಹೊಂಟಿದ್ರು.
ಹೋಗಾಕ ಜಾಗಿಲ್ಲದಾಂವ ನಾನೊಬ್ಬನ.

ಏಳನೇ ಸಲ, ಕಣ್ಣಿಗಿಂತ ಮೊದಲ ಮೂಗಿಗೆ ತಿಳೀತು.
ಸೀನು. ಒಂದರ ಹಿಂದೊಂದು ಸೀನು.
ಎದುರಿನ ಹೆಣ್ಮಗಳು ಕಾಲಾಗಿನ ಚೀಲ ತೋರಿಸಿ ನಕ್ಲು,
ಬಾಯಿ ಬಿಚ್ಚಿದ್ಲು.
ಸಣ್ಣ ಮೆಣಸಿನಕಾಯಿ, ಉಗುರಿನಂಥವು,
ನಮ್ಮ ಕಡ್ಡಿಯಲ್ಲ, ಡಬ್ಬಿ ಅಂತೂ ಅಲ್ಲ.
ಕೈ ಕೇಳಲಿಲ್ಲ. ಒಂದು ಎತ್ತಿ, ಕಿವಿ ಹತ್ರ ಅಲುಗಿಸಿ,
ಮುರದು ಬೀಜ ನೋಡಿ ಅಂದುಬಿಟ್ಟೆ:
"ಹಸಿ ಐತಿ ಯವ್ವಾ, ಇನ್ನೆರಡು ಬಿಸಲು ಬೇಕು."
ಅಕಿ ಸೊಂಟದ ಮ್ಯಾಲೆ ಕೈ ಇಟ್ಟು ಏನೋ ಅಂದ್ಲು, ಉದ್ದಕ್ಕ.
ಭಾಷಾ ತಿಳೀಲಿಲ್ಲ, ವಾದ ತಿಳೀತು.
ಆ ದಂಡಿ ಬರೂತನಕ ಇಬ್ಬರೂ ಬಿಡಲಿಲ್ಲ.

ಹನ್ನೊಂದು ಸಲ ದಾಟಿದೆ ಅವತ್ತು.
ಬೆಸ ಸಂಖ್ಯೆ, ಲೆಕ್ಕ ಹಾಕ್ರಿ,
ಹೊತ್ತು ಮುಣಗೂದ್ರಾಗ ಆಚೀಕಡೇನ ಉಳದಿದ್ದೆ.
ಸೇತುವಿ ಹಿಡದು ನಡದು ಬಂದೆ. ಒಂದು ನಾಣ್ಯ ಉಳೀತು.

ಸೋಮವಾರ ಅಂಗಡಿಯಾಗ ಹಮಾಲ್ರು ಸುತ್ತಗಟ್ಟಿದ್ರು.
ಖಾಜೇಸಾಬ ಒಂದು ಕಣ್ಣು ಮುಚ್ಚಿ ಮಸಾಜಿನ ಸುದ್ದಿ ಕೇಳಿದ.
ಸಾವಕಾರ್ರು ಅಲ್ಲಿ ರೇಟು ಕೇಳಿದ್ರು, ಕಾರದ್ದು.
ನೋಡಿದ್ದು ಏನು ಅಂತ ಯಾರೂ ಕೇಳಲಿಲ್ಲ,
ಕೇಳಿದ್ರೂ ಯಾವ ಖಾತೇಕ ಹಚ್ಚಲಿ ಅದನ್ನ?

ರಾಶಿ ಹತ್ರ ಕುಂತು ತೊಟ್ಟು ಬಿಡಸ್ತಿದ್ದ ಗದಿಗೆವ್ವ,
ಮೂಗಿಗೆ ಕಟ್ಟಿದ ಅರಿವಿ ಇಳಿಸಿ
ಮೇಜಿನ ಮ್ಯಾಲಿನ ನಾಣ್ಯ ಎತ್ತಿ ತಿರುವಿದ್ಲು.
ಉರಿಯೋ ಬೆರಳು, ತಣ್ಣನ್ನ ಲೋಹ.
"ಇದಕ್ಕೇನ್ ಬರತೈತ್ರಿ ದಿವಾನಜಿ?"
"ಒಂದ ಸಲ ಹೊಳಿ ದಾಟಬಹುದು."

ಸೆರಗಿಗೆ ಒರಸಿ, ಕೀರ್ದಿ ಮ್ಯಾಲೆ ಇಟ್ಟು,
ಅರಿವಿ ಮತ್ತ ಮೂಗಿಗೆ ಏರಿಸಿಕೋತ ಅಂದ್ಲು:
"ಹೋಗಾಕ ಆತು.
ಬರಾಕ?"