ವಾರ್ನಿಶ್

ಅರವತ್ತೆರಡು ಸುತ್ತಿನ ಕಾಯಿಲ್.
ತ್ರಿಶಲಾ ನಡುವ ನಿಂತಳು.
"ಅಣ್ಣಾ, ಎಷ್ಟ ಆತು?"
ಹದಿನಾಕು ವರ್ಷದಾಗ ಆಕಿ
ನನ್ನ ಎಂದೂ ಕೇಳಿದ್ದಿಲ್ಲ.
ಅಥಣಿ, ಮಿರಜ ರಸ್ತೆ, ನಮ್ಮ ರಿವೈಂಡಿಂಗ್ ಅಂಗಡಿ.
ಹೊಳಿದಂಡಿಯ ಸುಟ್ಟ ಪಂಪೆಲ್ಲಾ
ಆಕಿ ಬೆರಳಿನಾಗ ಜೀವ ಹಿಡದು ಹೋಗ್ಯಾವ.

ಬೆಳಗಾವಿಯ ಡಾಕ್ಟರು ಫಿಲ್ಮು ಬೆಳಕಿಗೆ ಹಿಡದ್ರು.
ಮಿದುಳಿನಾಗ ಬಿಳೇ ಚುಕ್ಕಿ, ಸುಣ್ಣ ಸಿಡದಂಗ.
"ನರದ ಮ್ಯಾಲ ಒಂದು ಹೊದಿಕಿ ಇರತದ್ರಿ,
ಮೈಯಾಗಿನ ಕಾವಲುಗಾರರ ಅದನ್ನ..."
ಅವರು ಮಾತು ಮುಗಸೂದರೊಳಗ
ನನಗ ವಾಸನಿ ಬಂದಿತ್ತು,
ವಾರ್ನಿಶ್ ಸುಟ್ಟ ವಾಸನಿ.

ಸೂಜಿ ಬರದ್ರು. ತುಟ್ಟಿ.
ಚೀಟಿಯ ಕೆಳಗ, ತ್ರಿಶಲಾ ತಾನ ಕೇಳಿ ಬರಸಿದ್ದು:
ಡಿ, ಬಿ ಹನ್ನೆರಡು, ಒಮೆಗಾ.
"ಇವು ನರ ಉಳಸ್ತಾವೇನ್ರಿ?"
"ಇಲಿಯೊಳಗ ಉಳಸ್ಯಾವ ಅಂತಾರ.
ಮನಷ್ಯಾರೊಳಗ... ಇರಬಹುದು. ಖಾತ್ರಿ ಇಲ್ಲ.
ಸೂಜಿ ಮಾತ್ರ ಬಿಡಬ್ಯಾಡವಾ."

ಇರಬಹುದು.
ಅಂಗಡ್ಯಾಗ ನಾ ಹಿಂಗಂದ್ರ
ಗಿರಾಕಿ ಮೋಟಾರ ಹೊತಗೊಂಡು
ಎದುರಿನ ದಸ್ತಗೀರನ ಕಡೆ ಹೋಗತಾರ.
ಆಕಿ ಆ ಮಾತು ಸೆರಗಿನಾಗ ಗಂಟ ಹಾಕಿಕೊಂಡಂಗ
ಬಸ್ಸಿನಾಗ ಕೂತು ಬಂದಳು.

ನಲವತ್ತೊಂದು ಡಿಗ್ರಿ ಬಿಸಿಲಿನ ಊರು,
ಆಕಿ ರಕ್ತದಾಗ ಡಿ ಬರೇ ಒಂಬತ್ತು!
ಹದಿನಾಕು ವರ್ಷ ತಗಡಿನ ಕೆಳಗ
ಟ್ಯೂಬಲೈಟಿನ ಬೆಳಕು ಉಂಡಿದ್ದಕ್ಕ ಇದು.
ಈಗ ಅಂಗಡಿ ಮುಂದ ಸ್ಟೂಲ ಹಾಕಿ ಕೈ ಚಾಚಿ ಕೂಡತಾಳ.
ಸೆಕಿ ಏರಿದ್ರ ಕಾಲು ಸೋಲತಾವ, ಕಣ್ಣು ಮಂಜ ಆಗತಾವ,
ನಾ ರಟ್ಟಿ ಹಿಡದು ಒಳಗ ತರತೀನಿ.
ಬಿಸಿಲು ಬೇಕು. ಬಿಸಿಲು ಆಗೂದಿಲ್ಲ.

ಒಮೆಗಾದ ಗುಳಿಗಿ ಅಂಗೈಯಾಗ:
ನಮ್ಮ ಡಬ್ಬಿಯ ವಾರ್ನಿಶಿಂದ ಬಣ್ಣ.
ಅವ್ವ ಕೇಳಿದಳು, "ಯಾತರದದು?"
"ಮೀನಿಂದು."
ಅವ್ವ ಏನೂ ಅನಲಿಲ್ಲ. ಎದ್ದು ಬಸದಿಗೆ ಹೋದಳು.
ಮರುದಿನ ಹಂಚಿನ ಮ್ಯಾಲ ಅಗಸಿ ಚಟಪಟ,
ಬೆಳ್ಳುಳ್ಳಿ ಇಲ್ಲದ ಹಿಂಡಿ,
ಹೊತ್ತು ಮುಳುಗೂದರೊಳಗ ರೊಟ್ಟಿ ಮ್ಯಾಲ ಎರಡು ಚಮಚ.
"ಇದರಾಗೂ ಅದ ಐತೆಂತಲ್ಲ," ಅಂದಳು,
ಆಮ್ಯಾಲ ಸಣ್ಣ ದನಿಲೆ, "ಇರಬಹುದು."

ನನಗ ಗೊತ್ತು,
ಸುಟ್ಟ ತಂತಿಗೆ ಮ್ಯಾಲ ವಾರ್ನಿಶ್ ಸುರುವಿದ್ರ ಆಗೂದಿಲ್ಲ;
ಕಿತ್ತೊಗದು ಹೊಸಾದು ಸುತ್ತಬೇಕು.
ಇಲ್ಲಿ ಕೀಳಾಕ ಬರೂದಿಲ್ಲ.
ಮೆಗ್ಗರ್ ಹಚ್ಚಿ ಮುಳ್ಳು ನೋಡೂ ಹಂಗೂ ಇಲ್ಲ.
ಇನ್ನೂ ಸುಡದ ಉಳದದ್ದಾದರೂ...
ಈ ಮಾತು ನಾ ಮುಗಸೂದಿಲ್ಲ.

ಈಗ ನಾ ಸುತ್ತತೀನಿ, ಆಕಿ ಎಣಸತಾಳ.
ನಿನ್ನೆ ಸಂಜಿಕ ಡಬ್ಬಿಯೊಳಗಿನ ಒಂದ ಅಗಸಿ ಕಾಳು
ಎಡಗೈ ಬೆರಳಿನಾಗ ಹಿಡಿಯಾಕ ಹೋದಳು.
ಜಾರಿತು. ಮತ್ತ ಹಿಡದಳು. ಜಾರಿತು.
"ಅಗಸಿ ಅಂದ್ರ ಹಂಗ," ಅಂದಳು,
"ಯಾರ ಕೈಯಾಗೂ ನಿಲ್ಲೂದಿಲ್ಲ."
ನಾ ಗ್ರೀಸಿನ ಕೈ ವರಸಿಕೊಂಡು
ಒಂದು ಕಾಳು ಹಿಡದು ನೋಡಿದೆ.
ಖರೇನ, ಜಾರಿತು.