ಚೋಂದಮ್ಮ ಎಂಬ ಹೆಸರಿನ ಎರಡು ಫೈಲು

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನೆದುರು
ಬೇಕರಿಯ ಮಾಳಿಗೆಯಲ್ಲಿ ನಮ್ಮ ಸ್ಟುಡಿಯೋ.
ಹಂಝಾಕ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೊರಟಾಗ
ಹಾರ್ಡ್‌ಡಿಸ್ಕು ಕೈಗಿತ್ತು ಹೇಳಿದ್ದಿಷ್ಟೇ:
ಮುನ್ನೂರ ಹನ್ನೆರಡು ಮದುವೆ ಉಂಟು ಇದರಲ್ಲಿ.
ಈಗಿನ ಟೀವಿಯಲ್ಲಿ ಒಂದೂ ಓಡುವುದಿಲ್ಲ.
ನಾನು ಬರುವಷ್ಟರಲ್ಲಿ ಓಡುವ ಹಾಗೆ ಮಾಡು.

ಒಂದೊಂದೇ ತೆರೆದು ಒಂದೊಂದೇ ಉಳಿಸುತ್ತ ಕೂತರೆ
ಬರುವ ಹುತ್ತರಿಗೂ ಮುಗಿಯದು.
ಬಟನ್ನು, ಬಣ್ಣ, ಚಿತ್ರ ಎಲ್ಲ ಮುಚ್ಚಿ
ಬರೀ ಕಪ್ಪು ಪರದೆಯೊಂದನ್ನು ತೆರೆದೆ.
ಮಿಣುಕುವ ಒಂದು ಗೆರೆ,
ಏನು ಹೇಳುತ್ತೀ ಹೇಳು, ಎಂದು ಕೂತ ಹಾಗೆ.

ಮೂರು ಸಾಲು ಬರೆದೆ:
ಇಲ್ಲಿರುವ ಪ್ರತಿಯೊಂದಕ್ಕೂ
ಹೀಗೆ ಮಾಡು, ಹೆಸರಿನ ಬಾಲ ಬದಲಿಸು,
ಮುಗಿಯಿತೆನ್ನು.
ಎಂಟರ್ ಒತ್ತಿದ್ದೇ ತಡ, ಮುಗಿಯಿತು.
ಒಂದು ಮದುವೆಯೂ ಆಗಿರಲಿಲ್ಲ.

ಹಂಝಾಕ ಬರೆಯುವುದು ಹೀಗೆ: ಮೊದಲು ತವರಿನ ಮನೆಹೆಸರು,
ಒಂದು ಬೆರಳಿನಷ್ಟು ಜಾಗ, ಆಮೇಲೆ ಹುಡುಗಿ.
ಯಂತ್ರಕ್ಕೆ ಆ ಜಾಗವೇ ಬೇಲಿ.
ನೆಲ್ಲಕೇರಿಯಂಡ ಎಂಬ ಫೈಲಿಲ್ಲ, ಅಂದಿತು.
ಚೋಂದಮ್ಮ ಎಂಬ ಫೈಲಿಲ್ಲ, ಅಂದಿತು.
ಒಕ್ಕವನ್ನೂ ಮಗಳನ್ನೂ ಬೇರೆಬೇರೆಯಾಗಿ ಹುಡುಕಿ
ಇಬ್ಬರೂ ಇಲ್ಲವೆಂದು ವರದಿ ಒಪ್ಪಿಸಿತು.
ಹೆಸರಿನ ಆಚೆಗೊಂದು ಈಚೆಗೊಂದು ಉದ್ಧರಣ ಚಿಹ್ನೆ ಹಾಕಿದೆ,
ರಸ್ತೆ ದಾಟಿಸುವಾಗ ಮಗುವಿನ ಎರಡೂ ಕೈ ಹಿಡಿದಂತೆ.
ಸಿಕ್ಕರು.

ಮಾರ್ಚ್ ತಿಂಗಳು. ಹೂಮಳೆ ಬಾರದೆ
ತೋಟತೋಟದಲ್ಲಿ ರಾತ್ರಿಯೆಲ್ಲ ಸ್ಪ್ರಿಂಕ್ಲರ್.
ಕೆರೆಯ ಮೋಟಾರುಗಳು ಊರಿನ ಕರೆಂಟನ್ನೂ ಹೀರಿ
ಟ್ಯೂಬ್‌ಲೈಟು ಮಂಕಾಗಿ, ಯುಪಿಎಸ್ಸು ಕೀಂ ಅಂದಾಗಲೆಲ್ಲ
ಫ್ಯಾನು ಆರಿಸುತ್ತೇನೆ, ಮೊಬೈಲಿನ ಚಾರ್ಜರು ಕೀಳುತ್ತೇನೆ,
ಇರುವಷ್ಟು ಅದಕ್ಕೇ ಇರಲಿ ಅಂತ.

ಪರದೆಯ ಮೂಲೆಯಲ್ಲಿ ವೇಗ: ಸೊನ್ನೆ ಬಿಂದು ಏಳು.
ಎಂದರೆ ಮದುವೆ ನಡೆದದ್ದಕ್ಕಿಂತ ನಿಧಾನ.
ಗಂಗಾಪೂಜೆಯಲ್ಲಿ ಕೊಡ ಹೊತ್ತ ಮದುಮಗಳ ಮುಂದೆ
ವಾಲಗಕ್ಕೆ ಕುಣಿಯುತ್ತ ದಾರಿ ಬಿಡದ ನೆಂಟರು,
ಬಾವಿಯಿಂದ ಬಾಗಿಲಿಗೆ ಮೂವತ್ತು ಹೆಜ್ಜೆ, ಮೂರು ಗಂಟೆ.
ಈ ಮುದಿ ಪ್ರೊಸೆಸರಿನೊಳಗೆ
ಈಗಲೂ ಯಾರೋ ಅಡ್ಡ ಕುಣಿಯುತ್ತಿದ್ದಾರೆ.
ಚಿತ್ರವಿಲ್ಲ, ಸದ್ದಿಲ್ಲ. ಅಂಕಿ ಮಾತ್ರ ಏರುತ್ತದೆ:
ಫ್ರೇಮು ನಲವತ್ತು ಸಾವಿರ, ನಲವತ್ತು ಸಾವಿರದ ಹದಿನೆಂಟು.
ಅದರಲ್ಲಿ ಯಾವುದೋ ಒಂದು
ತಾಯಿ ಪತ್ತಾಕು ಕಟ್ಟಿದ ಗಳಿಗೆ. ಯಾವುದೆಂದು ಗೊತ್ತಿಲ್ಲ.

ಹದಿನೆಂಟನೆಯ ರಾತ್ರಿ, ಮೂರೂವರೆಗೆ,
ಇನ್ನೂರ ಆರನೆಯದರ ಹೊಸ್ತಿಲಲ್ಲಿ ನಿಂತಿತು.
ಈ ಹೆಸರಿನದು ಆಗಲೇ ಇದೆ.
ಅದರ ಮೇಲೇ ಬರೆಯಲೇ?

ತೊಂಬತ್ತೊಂಬತ್ತರ ಚೋಂದಮ್ಮ,
ಎರಡು ಸಾವಿರದ ಆರರ ಚೋಂದಮ್ಮ.
ಬೇರೆಬೇರೆ ಫೋಲ್ಡರಿನಲ್ಲಿದ್ದವರನ್ನು
ನನ್ನ ಮೂರು ಸಾಲು ಒಂದೇ ಕಡೆ ಸುರಿದಿತ್ತು.
ಇಬ್ಬರಿರಬಹುದು ಎಂದುಕೊಂಡು ತೆರೆದು ನೋಡಿದೆ.
ಒಬ್ಬಳೇ.
ಮೊದಲನೆಯದರಲ್ಲಿ ಬಾಳೆದಿಂಡು ಒಂದೇ ಏಟಿಗೆ ಉರುಳುತ್ತದೆ,
ಅವಳು ಕ್ಯಾಮೆರಾ ಕಂಡು ನಗು ಮುಚ್ಚಿಕೊಳ್ಳುತ್ತಾಳೆ.
ಎರಡನೆಯದು ಹನ್ನೊಂದೇ ನಿಮಿಷ.
ಅಂಗಳದಲ್ಲಿ ಇಪ್ಪತ್ತು ಕುರ್ಚಿ. ಕುಣಿಯುವವರಿಲ್ಲ.
ಅಳತೆ ಮೀರಿದ ಕುಪ್ಯ ತೊಟ್ಟ ಆರು ವರ್ಷದ ಹುಡುಗ
ಅವಳ ಬೆರಳು ಹಿಡಿದು ನಿಂತಿದ್ದಾನೆ.
ಅವಳು ನೇರ ಲೆನ್ಸನ್ನೇ ನೋಡುತ್ತಾಳೆ, ತುಂಬ ಹೊತ್ತು,
ಆಮೇಲೆ ನಗುತ್ತಾಳೆ.
ನಡುವಿನದನ್ನು ಹಂಝಾಕ ತೆಗೆದಿಲ್ಲ.
ಅಂಥದಕ್ಕೆ ಯಾರೂ ಕ್ಯಾಮೆರಾದವರನ್ನು ಕರೆಯುವುದಿಲ್ಲ.

ಪ್ರಶ್ನೆ ಇನ್ನೂ ಮಿಣುಕುತ್ತಿತ್ತು. ಅದರ ಕೊನೆಗೆ ಎರಡು ಅಕ್ಷರ,
ಹೌದಿನದು ಚಿಕ್ಕದು, ಬೇಡದ್ದು ದೊಡ್ಡದು.
ಏನೂ ಹೇಳದೆ ಎಂಟರ್ ಒತ್ತಿದರೂ ಬೇಡ ಎಂದೇ ಲೆಕ್ಕ.
ಇದನ್ನು ಬರೆದವರು ಯಾವ ದೇಶದವರೋ,
ನಿದ್ದೆಗಣ್ಣಿನವರ ಕೈ ಬಲ್ಲವರು.

ಏನೂ ಹೇಳದೆ ಒತ್ತಿದೆ.
ಅದು ಬೇಸರಿಸದೆ ಮುಂದಿನ ಮದುವೆಗೆ ಹೋಯಿತು.
ಚೋಂದಮ್ಮನಿಗೆ ಬೇರೊಂದು ಸಾಲು ಬರೆದೆ,
ಮನೆಹೆಸರು, ಹೆಸರು, ಪಕ್ಕದಲ್ಲಿ ಇಸವಿ,
ಮೂರನ್ನೂ ಚಿಹ್ನೆಯೊಳಗೆ ಸೇರಿಸಿ.

ಕೆಳಗೆ ಬೇಕರಿಯ ಶಟರು ಏಳುತ್ತಿದೆ.
ಇನ್ನು ನೂರ ಆರು.
ಯುಪಿಎಸ್ಸು ಕೀಂ ಅಂದಿತು.
ಫ್ಯಾನು ಆರಿಸಿದೆ.